ಹಾಝೆಲ್‌ವಾಂಗ್ ಮನೆಯ ಕೊನೆಯ ಗಂಡಸು

ಆ ದಿನ ಬೆಳಿಗ್ಗೆ ಕ್ರಾಫ್ಟ್ ಫಾನ್ ಹಾಝೆಲ್‌ವಾಂಗ್ ತನ್ನ ಕೊಟ್ಟಿಗೆಯ ಮಾಡು ಹತ್ತಿದ್ದ. ಚಳಿಗಾಲದ ಹಿಮಕ್ಕೆ ಹನ್ನೊಂದು ಹೆಂಚು ಹೋಗಿದ್ದವು. ಹೊದಿಸುವವನನ್ನು ಕರೆಸುವ ತಾಕತ್ತು ಮನೆಗಿರಲಿಲ್ಲ. ಕೋಟು, ಟೋಪಿಯನ್ನು ಏಣಿಯ ಬುಡದ ಗೂಟಕ್ಕೆ ಸಿಕ್ಕಿಸಿ ಬರೀ ಅಂಗಿಯಲ್ಲಿ ಕೂತಿದ್ದ. ಹೆಂಡತಿ ವಾಲ್ಬುರ್ಗಾ ಕೆಳಗೆ ನಿಂತು ಒಂದೊಂದೇ ಹೆಂಚು ಎತ್ತಿ ಕೊಡುತ್ತಿದ್ದಳು.

ಹೆಸರು ನಾನೂರು ವರ್ಷದ್ದು. ಉಳಿದದ್ದು ಒಂದು ಕಲ್ಲಿನ ಮನೆ, ನಾಲ್ಕು ಹಸು, ಒಂದು ಮುದಿ ಕುದುರೆ. ಮತ್ತೆ ಚರ್ಚಿನ ಗೋಡೆಯ ಮೇಲೆ ಮನೆತನದ ಮರದ ಗುರಾಣಿ. ಊರವರು ಧಣಿ ಎನ್ನುತ್ತಿದ್ದರು. ಧಣಿ ನೇಗಿಲು ಹಿಡಿಯುತ್ತಿದ್ದ, ಸಗಣಿ ಎತ್ತುತ್ತಿದ್ದ. ಆದರೆ ಯಾರೂ ನೋಡಬಾರದು. ಕುಲದವನು ಕೂಲಿ ಮಾಡಿದನೆಂಬ ಮಾತು ದೊರೆಯ ಕಚೇರಿ ಮುಟ್ಟಿದರೆ ಕುಲಕ್ಕೇ ಕುತ್ತು. ರಸ್ತೆಯಲ್ಲಿ ಗಾಡಿಯ ಸದ್ದಾದರೆ ಸಾಕು, ನೇಗಿಲು ಬಿಟ್ಟು ಕೋಟು ತೊಟ್ಟು, ಹೊಲ ನೋಡಲು ಬಂದವನ ಹಾಗೆ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ.

“ಯಾಕೆ, ಇವತ್ತು ಏನೂ ಮುಟ್ಟಲೇ ಇಲ್ಲ?” ಮೇಲಿನಿಂದ ಕೇಳಿದ.

“ಹಸಿವಿರಲಿಲ್ಲ.”

“ನಮ್ಮಮ್ಮನ ಸಾರು ನೋಡಿದ್ರೆ ಯಾರಿಗೂ ಹಸಿವಾಗಲ್ಲ ಬಿಡು.”

“ಮೆಲ್ಲಗೆ ಅನ್ರೀ. ಕಿಟಕಿ ತೆಗೆದಿದೆ.”

ಅವನು ನಕ್ಕ. ಅವಳಿಗೆ ಎರಡು ತಿಂಗಳು ನಿಂತಿತ್ತು. ಅವನಿಗೆ ಹೇಳಿರಲಿಲ್ಲ. ಹಿಂದೆ ನಾಲ್ಕು ಸಲ ಹೇಳಿದ್ದಳು. ನಾಲ್ಕು ಸಲವೂ ಮೂರನೇ ತಿಂಗಳಲ್ಲಿ ಹೋಗಿತ್ತು. ಈ ಸಲ ಒಳಗೆ ಮಿಸುಕುವವರೆಗೆ ಬಾಯಿ ಬಿಡಬಾರದು ಎಂದುಕೊಂಡಿದ್ದಳು. ಹೇಳಿದರೆ ಹೋಗುತ್ತದೆ ಎಂಬ ಹೆದರಿಕೆ.

ತಿರುವಿನಲ್ಲಿ ಗಾಲಿಯ ಸದ್ದಾಯಿತು.

“ಗಾಡಿ! ಕಚೇರಿಯವರಿರಬೇಕು. ಕೋಟು ತೆಗಿಯೇ, ಬೇಗ!”

“ನಿಧಾನ ಇಳೀರಿ, ಹಸಿ ಇದೆ—”

ಅವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡಲೇ ಇಲ್ಲ. ಜಾರಿ ಕಲ್ಲುಹಾಸಿನ ಮೇಲೆ ಬಿದ್ದ. ಬಂದದ್ದು ಮಡಕೆ ಮಾರುವವನ ಗಾಡಿ.

ಸ್ವಲ್ಪ ಹೊತ್ತು ಕಣ್ಣು ತೆರೆದೇ ಇದ್ದ. ಅವಳನ್ನೇ ನೋಡುತ್ತಿದ್ದ. ಆಗ ಹೇಳಬಹುದಿತ್ತು. ಆಗಲೂ ಅವಳು ಹೆದರಿದಳು. ಹೇಳಲಿಲ್ಲ. ಅವನು ತಿಳಿಯದೆ ಹೋದ.

ಅತ್ತೆ ಕುನಿಗುಂಡೆ ಕೋಲೂರಿ ಹೊರಗೆ ಬಂದಳು. ಮಗನನ್ನು ನೋಡಿದಳು. ಅಳಲಿಲ್ಲ.

“ಮೊದಲು ಕೋಟು ಹಾಕು. ಆಮೇಲೆ ಜನ ಕರಿ,” ಎಂದಳು.

ಇಬ್ಬರೂ ಸೇರಿ ಹೆಣಕ್ಕೆ ಕೋಟು ತೊಡಿಸಿದರು.

ಮೂರನೇ ದಿನ ಮಣ್ಣು. ವಂಶದ ಕೊನೆಯ ಗಂಡಸು ಸತ್ತರೆ ಅವನ ಗುರಾಣಿಯನ್ನು ಗುಂಡಿಯ ಅಂಚಿನಲ್ಲಿ ಒಡೆದು, ಚೂರುಗಳನ್ನು ಪೆಟ್ಟಿಗೆಯ ಮೇಲೆ ಹಾಕಿ ಮುಚ್ಚುತ್ತಾರೆ. ಅದರೊಂದಿಗೆ ಕುಲ ಮುಗಿಯಿತು. ಮನೆ, ಹೊಲ ಎಲ್ಲ ಗಂಡುಮಕ್ಕಳಿಗೆಂದು ದೊರೆ ಕೊಟ್ಟದ್ದು. ಗಂಡು ಮುಗಿದರೆ ದೊರೆಗೇ ವಾಪಸು. ಒಡೆದದ್ದನ್ನು ಮತ್ತೆ ಕೂಡಿಸುವ ಕಾನೂನಿಲ್ಲ.

ಕಚೇರಿಯ ಅಮಲ್ದಾರ ಬಂದಿದ್ದ. ಗೋಡೆಯಿಂದ ಗುರಾಣಿ ಇಳಿಸಿ ತಂದಿದ್ದರು. ಕಮ್ಮಾರ ಸುತ್ತಿಗೆ ಹಿಡಿದು ನಿಂತಿದ್ದ. ವಾಲ್ಬುರ್ಗಾ ಸುತ್ತಿಗೆಯನ್ನೇ ನೋಡುತ್ತಿದ್ದಳು. ಹೇಳಿದರೆ ಮಗು ಹೋಗುತ್ತದೆ. ಹೋದರೆ, ಆಸ್ತಿಗೆ ಸುಳ್ಳು ಬಸಿರು ಕಟ್ಟಿದಳು ಎನ್ನುತ್ತಾರೆ. ಹೇಳದಿದ್ದರೆ ಹೊಟ್ಟೆಯಲ್ಲಿರುವುದಕ್ಕೆ ಹುಟ್ಟುವ ಮೊದಲೇ ಮನೆಯಿಲ್ಲ, ಹೆಸರಿಲ್ಲ.

“ಇಂದಿನವರೆಗೆ ಹಾಝೆಲ್‌ವಾಂಗ್ ಇತ್ತು,” ಅಮಲ್ದಾರ ಓದತೊಡಗಿದ. ಕಮ್ಮಾರ ಕೈ ಎತ್ತಿದ.

“ಬೇಡ!”

“ಏನಮ್ಮಾ?”

“ಒಡೀಬೇಡಿ. ಹೊಟ್ಟೇಲಿದೆ.”

ಜನ ಗುಸುಗುಸು ಎಂದರು. ಅಮಲ್ದಾರ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಮದುವೆಯಾಗಿ ಹನ್ನೆರಡು ವರ್ಷ ಇಲ್ಲದ್ದು ಮೂರು ದಿನಕ್ಕೆ ಬಂತಾ?”

ಹಿಂದೆ ಯಾರೋ ನಕ್ಕರು. ಅತ್ತೆ ಕೋಲು ಕುಟ್ಟಿದಳು. ಅವಳಿಗೂ ವಿಷಯ ತಿಳಿದದ್ದು ಆ ಕ್ಷಣದಲ್ಲೇ.

“ಯಾಕೆ ಅಮಲ್ದಾರ್ರೇ, ನಿಮ್ಮವ್ವ ನಿಮ್ಮನ್ನ ಹೊತ್ತಾಗ ಮೊದಲು ಕಚೇರಿಗೆ ಬಂದು ಅರ್ಜಿ ಕೊಟ್ಟಿದ್ರಾ?”

ಈ ಸಲ ಎಲ್ಲರೂ ನಕ್ಕರು. ಅಮಲ್ದಾರ ನಗಲಿಲ್ಲ. ಗುರಾಣಿಯನ್ನು ಬಟ್ಟೆಯಲ್ಲಿ ಸುತ್ತಿಸಿದ.

“ಆಯ್ತು. ಕಚೇರಿಯಿಂದ ಒಬ್ಬ ಹೆಂಗಸು ಬಂದು ನಿಮ್ಮ ಕೋಣೇಲೇ ಇರ್ತಾಳೆ. ಸುಳ್ಳಾದ್ರೆ ನ್ಯಾಯ ಇದೆ. ಹೆಣ್ಣಾದ್ರೆ ಈ ಸುತ್ತಿಗೆ ಇದೆ.”

ಆ ಹೆಂಗಸು ಬಂದಳು. ಹೆಸರು ಒಟೀಲಿಯೆ. ದಿನಾ ಬೆಳಿಗ್ಗೆ ಹಾಸಿಗೆಯ ಬಟ್ಟೆ ಸರಿಸಿ ರಕ್ತವಿದೆಯೇ ಎಂದು ನೋಡುತ್ತಿದ್ದಳು. ಅವಳಿಗಿಂತ ಮೊದಲು ವಾಲ್ಬುರ್ಗಾ ನೋಡುತ್ತಿದ್ದಳು. ಸೀನಲು ಹೆದರಿದಳು. ಮೆಟ್ಟಿಲಿಳಿಯಲು ಹೆದರಿದಳು. ಗಂಡನನ್ನು ನೆನೆದು ಅಳಲೂ ಹೆದರಿದಳು, ಬಿಕ್ಕಿದರೆ ಹೊಟ್ಟೆ ಅಲುಗುತ್ತದೆ ಎಂದು. ಸಮಾಧಿಯ ಹತ್ತಿರ ಒಂದು ಸಲವೂ ಹೋಗಲಿಲ್ಲ, ದಾರಿ ಇಳಿಜಾರು. ಮೂರನೇ ತಿಂಗಳು ಕಳೆಯಿತು. ನಾಲ್ಕೂ ಕಳೆಯಿತು. ಐದರಲ್ಲಿ, ಬಟಾಣಿ ಸುಲಿಯುತ್ತಿದ್ದಾಗ, ಒಳಗೆ ಮಿಸುಕಿತು. ಅವಳು ಬಟಾಣಿಯ ತಟ್ಟೆ ಹಿಡಿದು ಹಾಗೇ ಕೂತಳು. ಹೇಳಬೇಕಾದವನು ಇರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಹೆರಿಗೆ. ಬಾಗಿಲ ಹೊರಗೆ ಪಾದ್ರಿ, ಅಮಲ್ದಾರ. ಮಗು ಹೊರಗೆ ಬಂದು ಅಳಲಿಲ್ಲ. ಒಟೀಲಿಯೆಯೇ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದಳು. ಬಡಿದಳು, ಬಡಿದಳು. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸ್ವರ ಬಂತು.

ಅಮಲ್ದಾರ ಒಳಗೆ ಬಂದು ಬಟ್ಟೆ ಬಿಡಿಸಿ ನೋಡಿದ. “ಗಂಡು. ಬರ್ಕೊಳ್ಳಿ ಪಾದ್ರಿಗಳೇ.” ಹೋಗುವಾಗ ಬಾಗಿಲಲ್ಲಿ ತಿರುಗಿದ. “ತುಂಬಾ ಸಣ್ಣದು. ಸುತ್ತಿಗೆ ಎಲ್ಲೂ ಹೋಗಲ್ಲ.”

“ನೀವು ಹೋಗ್ರಪ್ಪಾ,” ಎಂದಳು ಅತ್ತೆ. ಆಗ ಮೊದಲ ಸಲ ಅತ್ತಳು.

ಮಗು ಹುಟ್ಟಿದರೆ ಹೆದರಿಕೆ ಮುಗಿಯುತ್ತದೆ ಎಂದು ವಾಲ್ಬುರ್ಗಾ ತಿಳಿದಿದ್ದಳು. ಮುಗಿಯಲಿಲ್ಲ. ಹೊಟ್ಟೆಯಲ್ಲಿದ್ದಾಗ ಅದು ಅವಳ ಜೊತೆಗೇ ಇತ್ತು. ಈಗ ಅದಕ್ಕೆ ಕಾಲು ಬಂದಿದೆ. ಮಗನಿಗೆ ಮೂರು ವರ್ಷ. ಅಪ್ಪನ ಹೆಸರೇ. ಅಪ್ಪನ ಹಾಗೇ, ಇವನೂ ಸುಮ್ಮನೆ ಕೂರುವವನಲ್ಲ. ಕಂಡದ್ದರಲ್ಲೆಲ್ಲ ಇಣುಕುತ್ತಾನೆ, ಕೈ ಬಿಡಿಸಿಕೊಂಡು ಓಡುತ್ತಾನೆ. ಅತ್ತೆ ಬೈಯುತ್ತಾಳೆ. “ಎಷ್ಟು ಅಂತ ಕಾಯ್ತೀಯೇ? ಗಂಡುಮಗು, ಬೀಳ್ಲಿ, ಏಳ್ಲಿ.” ಬೀಳಲಿ ಎಂಬ ಮಾತನ್ನು ವಾಲ್ಬುರ್ಗಾಳ ಕಿವಿ ತಡೆಯುವುದಿಲ್ಲ.

ಈಗಲೂ ದಿನಾ ಬೆಳಿಗ್ಗೆ, ಮಗ ಏಳುವ ಮೊದಲು, ಅವಳು ಅಂಗಳಕ್ಕೆ ಹೋಗಿ ದಿನಕ್ಕಾಗುವಷ್ಟು ನೀರನ್ನು ಒಟ್ಟಿಗೇ ಸೇದುತ್ತಾಳೆ. ಬಾವಿಗೆ ಓಕ್ ಹಲಗೆ ಮುಚ್ಚುತ್ತಾಳೆ. ಹಲಗೆಯ ಮೇಲೆ ಎರಡು ಕಲ್ಲು ಹೇರುತ್ತಾಳೆ. ಕಲ್ಲನ್ನು ಅಂಗೈಯಿಂದ ತಳ್ಳಿ ನೋಡುತ್ತಾಳೆ. ಮತ್ತೊಮ್ಮೆ ತಳ್ಳುತ್ತಾಳೆ. ಆಮೇಲೆ ಒಳಗೆ ಹೋಗಿ ಅವನನ್ನು ಎಬ್ಬಿಸುತ್ತಾಳೆ.