ಬಾವಿಯ ಬದಿಯ ಕೋಣೆ

ನಿಟ್ಟೂರಿನ ಹತ್ತಿರದ ಆ ದೊಡ್ಡಮನೆಗೆ ನನಗೆ ತಿಳಿದಂತೆ ಮೂವರು ಒಡೆಯರು. ಕಟ್ಟಿಸಿದವರು ಅಡಿಕೆ ತೋಟದ ಕುಟುಂಬದವರು. ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ನಮ್ಮ ಹಿರಿಯರು. ಕಾನೂನು ಬದಲಾಗಿ ಗದ್ದೆ ನಮಗೆ ಬಂತು. ಕೆಲವು ವರ್ಷಗಳ ಮೇಲೆ ಅವರು ಸಾಗರಕ್ಕೆ ಹೋಗಿ ನೆಲೆಸುವಾಗ ಮನೆಯನ್ನೂ ನನ್ನ ಅಜ್ಜನಿಗೇ ಮಾರಿದರು. ಹೋದ ವರ್ಷ ನಾವು ಅದನ್ನು ಶಿವಮೊಗ್ಗದವರೊಬ್ಬರಿಗೆ ಮಾರಿದೆವು. ಈಗ ಅದು ಹೋಮ್‌ಸ್ಟೇ.

ಅಜ್ಜ ಕೊಳ್ಳುವಾಗ ಒಂದು ಮಾತಾಗಿತ್ತು. ಮನೆಯ ಯಜಮಾನರ ಸೋದರತ್ತೆ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವರು, ಸಾಗರಕ್ಕೆ ಹೋಗಲು ಒಪ್ಪಲಿಲ್ಲ. "ಎಂಗೆ ಎಂತದೂ ಬ್ಯಾಡ. ಈ ಕೋಣೆ ಇದ್ದು, ಸಾಕು" ಎಂದರಂತೆ. ಬಾವಿಯ ಬದಿಯ ಆ ಕೋಣೆ ಅವರಿರುವ ತನಕ ಅವರದೇ ಎಂದು ಅಜ್ಜ ಮಾತು ಕೊಟ್ಟ. ಅದನ್ನು ಯಾರೂ ಬರೆಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ನಮ್ಮ ಮನೆಯಲ್ಲಿ, ತಮ್ಮ ಕೋಣೆಯಲ್ಲಿ ಇದ್ದರು. ನಾವೆಲ್ಲ ಅವರನ್ನು ಅಮ್ಮೋರು ಎನ್ನುತ್ತಿದ್ದೆವು.

ತಮ್ಮ ನೀರನ್ನು ತಾವೇ ಸೇದಿಕೊಂಡು ತಾವೇ ಬೇಯಿಸಿಕೊಳ್ಳುತ್ತಿದ್ದರು. ಅಜ್ಜಿ ಅವರ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಮಾತು ಮಾತ್ರ ದಿನವೂ ನಡೆಯುತ್ತಿತ್ತು. ಹೆಬ್ಬಾಗಿಲಿಗೆ ಅಗಳಿ ಹಾಕಲು ಅಜ್ಜಿ ಕತ್ತಲಾದರೂ ಹಿಂಜರಿಯುತ್ತಿದ್ದಳು.

"ಕೂಸೆ, ನಿನ್ನ ಅಜ್ಜಿಗೆ ಮನೆ ಬಂತು, ಬಾಗ್ಲು ಹಾಕದು ಇನ್ನೂ ಬತ್ತಿಲ್ಲೆ" ಎಂದು ಅಮ್ಮೋರು ನನ್ನ ನೆಪದಲ್ಲಿ ಚುಚ್ಚುತ್ತಿದ್ದರು.

"ಬಾಗ್ಲು ಹಾಕಿದ್ರೆ ಅಮ್ಮೋರು ತುಳಸಿಗೆ ದೀಪ ಇಡೋಕೆ ಕಿಟಕಿ ಹಾರ್ತಿದ್ರಾ?" ಎಂದು ಅಜ್ಜಿ ಅಂಗಳದಿಂದಲೇ ಉತ್ತರಿಸುತ್ತಿದ್ದಳು.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅಮ್ಮೋರು ತೀರಿಕೊಂಡರು. ಕೋಣೆ ಬಹಳ ದಿನ ಖಾಲಿಯಿತ್ತು. ಅಜ್ಜ ಹೋದ ಮೇಲೆ ಅಜ್ಜಿ ತನ್ನ ಹಾಸಿಗೆಯನ್ನು ಅಲ್ಲಿಗೆ ತಂದುಕೊಂಡಳು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮವರು ಆ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ ಎಂದು ಒಮ್ಮೆ ಹೇಳಿದ್ದಳು. ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಆ ಕಟ್ಟೆ.

ಅಪ್ಪ ಮತ್ತು ದೊಡ್ಡಪ್ಪ ಮನೆ ಮಾರಲು ತೀರ್ಮಾನಿಸಿದಾಗ ಅಜ್ಜಿ ಬೇಡವೆನ್ನಲಿಲ್ಲ. ತಾನಿರುವ ತನಕ ಆ ಕೋಣೆ ತನಗಿರಲಿ ಎಂದಷ್ಟೇ ಕೇಳಿದಳು. ಕೊಳ್ಳುವವರು ಜಗುಲಿಯಲ್ಲಿ ಕೂತು, ಕಾಫಿ ಕುಡಿಯುತ್ತ, "ಅಯ್ಯೋ, ಇದು ನಿಮ್ಮದೇ ಮನೆ ಅಜ್ಜಿ, ಎಷ್ಟು ದಿನ ಬೇಕಾದ್ರೂ ಇರಿ" ಎಂದರು.

ನಾನು ಕಾನೂನು ಓದಿದವಳು. ಕ್ರಯಪತ್ರದ ಕರಡು ನನ್ನ ಕೈಗೆ ಬಂತು. ಕೋಣೆಯ ವಿಷಯ ಸೇರಿಸಬೇಕಲ್ಲ ಎಂದಾಗ ದೊಡ್ಡಪ್ಪ ದನಿ ತಗ್ಗಿಸಿದರು. "ಆ ಒಂದು ಸಾಲು ಹಾಕಿದ್ರೆ ಅವ್ರು ಹಿಂದೆ ಸರೀತಾರೆ ಮಾರಾಯ್ತಿ. ಮತ್ತೆ ಯಾರು ಬರ್ತಾರೆ ಈ ಕಾಡಿಗೆ?" ಮಾರಾಟ ತಪ್ಪುವುದು ನನಗೂ ಬೇಡವಾಗಿತ್ತು. ಏಕೆಂಬುದನ್ನು ಇಲ್ಲಿ ಬರೆಯಲಾರೆ.

ಅಜ್ಜಿಗೆ ಓದು ಬಾರದು. ಕರಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ.

"ಕೋಣೆದು ಎಲ್ಲಿ ಬಂತು?" ಎಂದು ಕೇಳಿದಳು.

"ಅದು ಮಾತಲ್ಲಿ ಆಗಿದೆ ಅಜ್ಜಿ."

"ಹಂಗಾದ್ರೆ ಸಾಕು ಬಿಡು. ಅಮ್ಮೋರಿಗೆ ನಿಮ್ಮಜ್ಜ ಏನು ಬರ್ಕೊಟ್ಟಿದ್ರಾ?"

ಹೊಸನಗರದ ನೋಂದಣಿ ಕಚೇರಿಯಲ್ಲಿ ಅವಳ ಹೆಬ್ಬೆರಳನ್ನು ಶಾಯಿಗೆ ಒತ್ತಿದ್ದು ನಾನೇ.

ನಾವು ಸಾಗರಕ್ಕೆ ಬಂದೆವು. ಅಜ್ಜಿ ಅಲ್ಲೇ ಉಳಿದಳು. ತನ್ನ ಅನ್ನ ತಾನೇ ಮಾಡಿಕೊಂಡು, ಮನೆಗೆಲಸದವರೊಡನೆ ಮಾತಾಡಿಕೊಂಡು ನಾಲ್ಕು ತಿಂಗಳು ಇದ್ದಳು. ಆಮೇಲೆ ಮನೆ ಕೊಂಡವರಿಂದ ನನಗೆ ಫೋನ್ ಬಂತು. ಆ ಕೋಣೆಗೆ ಬಾತ್‌ರೂಮ್ ಸೇರಿಸಿ ಅತಿಥಿಗಳಿಗೆ ಕೊಡಬೇಕಂತೆ. "ಮೇಡಂ, ಪೇಪರ್‌ನಲ್ಲಿ ಏನೂ ಇಲ್ವಲ್ಲ. ನೀವು ಲಾಯರ್, ನಿಮಗೆ ಅರ್ಥ ಆಗುತ್ತೆ." ಅವರ ಮಾತಿನಲ್ಲಿ ಒರಟುತನವಿರಲಿಲ್ಲ. ನನಗೆ ಅರ್ಥವೂ ಆಯಿತು.

ಕರೆತರಲು ನಾನೇ ಹೋದೆ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಕೈ ನಿಲ್ಲಲಿಲ್ಲ.

"ಬರ್ದಿದ್ರೆ ಕಳಿಸೋಕೆ ಆಗ್ತಿತ್ತಾ?"

"ಇಲ್ಲ ಅಜ್ಜಿ."

"ಅದು ನಿಂಗೆ ಆವತ್ತೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಎಂದೆ.

ಅವಳು ಸೊಪ್ಪನ್ನು ಪೂರ್ತಿ ಬಿಡಿಸಿ, ತೊಳೆದು, ಅಡುಗೆ ಮಾಡುವ ಹೆಂಗಸಿಗೆ ಕೊಟ್ಟಳು. ಸೀರೆಗಳನ್ನು ಗಂಟು ಕಟ್ಟಿಕೊಂಡಳು. ಸಾಗರದವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ತಲೆಸುತ್ತು ಬಂದಾಗ ನನ್ನ ತೋಳನ್ನೇ ಹಿಡಿದುಕೊಂಡಳು. ಮನೆ ಕೊಂಡವರನ್ನಾಗಲಿ ದೊಡ್ಡಪ್ಪನನ್ನಾಗಲಿ ನನ್ನನ್ನಾಗಲಿ ಇವತ್ತಿನವರೆಗೆ ಬೈದಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಾಳೆ, ತಲೆಗೆ ಎಣ್ಣೆ ಹಚ್ಚಲು ಕರೆಯುತ್ತಾಳೆ.

ಆದರೆ ಲಗ್ನಪತ್ರಿಕೆ ಬಂದರೆ, ಊರಿನ ಪಂಚಾಯಿತಿಯಿಂದ ಏನಾದರೂ ಕಾಗದ ಬಂದರೆ, ಅದನ್ನು ಅಮ್ಮನ ಕೈಗೆ ಕೊಡುತ್ತಾಳೆ. ಅಮ್ಮ ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ನಿಂತು, ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಅಜ್ಜಿ ಅವಸರಪಡಿಸದೆ ಕೇಳುತ್ತಾಳೆ. ನಾನು ಅಲ್ಲೇ ಕೂತಿರುತ್ತೇನೆ, ಅಮ್ಮ ತಪ್ಪು ಓದಿದರೂ ತಿದ್ದುವುದಿಲ್ಲ.