ಸುತ್ತಿನಲ್ಲಿ ಚಾದರದಕ್ಕನ ಜಾಗ

ನಮ್ಮ ಲಾಡ್ಜಿನ ಕೌಂಟರಿನ ಹಿಂದೆ ಒಂದು ದೊಡ್ಡ ಫೋಟೋ ಇತ್ತು. ಬೆಟ್ಟದ ಜನರ ಸುತ್ತಿನ ಹಬ್ಬವನ್ನು ಯಾರೋ ಗುಡ್ಡ ಹತ್ತಿ ಮೇಲಿನಿಂದ ತೆಗೆದದ್ದು. ಮನೆಗೊಬ್ಬರಂತೆ ಇನ್ನೂರು ಜನ ಕೈ ಕೈ ಹಿಡಿದು ದುಂಡಗೆ ನಿಂತಿದ್ದಾರೆ. ಒಂದು ಕಡೆ ಮಾತ್ರ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಅದನ್ನು ಯಾಕೆ ಬಿಟ್ಟಿದ್ದಾರೆ ಎಂದು ಕೇಳದ ಪ್ರವಾಸಿಗರಿಲ್ಲ. ನಮ್ಮ ಯಜಮಾನರೋ ಕಥೆ ಕಟ್ಟುವುದರಲ್ಲಿ ಎತ್ತಿದ ಕೈ. "ಅದು ದೇವರ ಬಾಗಿಲು ಸಾರ್. ದೇವರು ಒಳಗೆ ಬರೋದೇ ಅಲ್ಲಿಂದ" ಎಂದುಬಿಡುತ್ತಿದ್ದರು. ಕೇಳಿದವರು ಫೋಟೋಗೆ ಕೈ ಮುಗಿದು ಇನ್ನೊಂದು ದಿನ ಉಳಿದುಕೊಳ್ಳುತ್ತಿದ್ದರು.

ನಾನು ಆ ಲಾಡ್ಜಿನ ಅಡುಗೆಯವನು. ಆ ಖಾಲಿ ಜಾಗ ಯಾರದೆಂದು ನನಗೆ ಗೊತ್ತಿತ್ತು. ಅದು ಚಾದರದಕ್ಕನದು.

ಎಂಟು ವರ್ಷದಿಂದ ಮೂವತ್ತೆರಡು ರೂಮಿನ ಚಾದರಗಳನ್ನು ಒಗೆದವಳು ಅವಳೊಬ್ಬಳೇ. ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಒದ್ದೆ ಚಾದರವನ್ನು ತಾರಸಿಯ ಮೇಲೆ ಕೊಡವಿ ಎಸೆದಳೆಂದರೆ ಹಗ್ಗದ ಮೇಲೆ ಒಂದು ಸುಕ್ಕಿಲ್ಲದೆ ಇಳಿಯುತ್ತಿತ್ತು. ಹಾಸಿಗೆಯಲ್ಲಿ ಕೂತು ತಿಂದವರು ಯಾರು, ರಾತ್ರಿಯೆಲ್ಲ ಹೊರಳಾಡಿದವರು ಯಾರು ಎಂದು ಚಾದರ ನೋಡಿಯೇ ಹೇಳುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಬೆಟ್ಟದಲ್ಲಿ ಅವಳ ಮನೆಗೆ ಉಳಿದವಳು ಅವಳೊಬ್ಬಳೇ. ಆದರೆ ಹಬ್ಬದ ದಿನ ಲಾಡ್ಜು ತುಂಬಿರುತ್ತದೆ, ರಜ ಸಿಗುವುದಿಲ್ಲ. ಅವಳ ಹಬ್ಬ ನೋಡಲು ಊರೂರಿನಿಂದ ಬಂದವರ ಚಾದರ ಒಗೆಯುತ್ತ ಅವಳೇ ಹಬ್ಬ ಕಾಣದೆ ಉಳಿದಿದ್ದಳು. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ.

ಬಾರದ ಮನೆಯ ಜಾಗವನ್ನು ಆ ಜನ ಎಂಟು ವರ್ಷ ಖಾಲಿ ಬಿಡುತ್ತಾರೆ. ಒಂಬತ್ತನೆಯ ವರ್ಷವೂ ಬಾರದಿದ್ದರೆ ಅಕ್ಕಪಕ್ಕದವರು ಕೈ ಚಾಚಿ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು, ಆ ಮನೆ ಸುತ್ತಿನಲ್ಲಿ ಇಲ್ಲ. ಈ ಸಲದ್ದು ಒಂಬತ್ತನೆಯದು. ಪಕ್ಕದ ಜಾಗ ಅವಳ ಚಿಕ್ಕಮ್ಮನದು. ಚಿಕ್ಕಮ್ಮ ಹೇಳಿಕಳಿಸಿದ್ದಳು: "ನೀನು ಬರದಿದ್ರೆ ನಿಮ್ಮಮ್ಮ ನಿಂತ ಜಾಗಾನ ನನ್ನ ಕೈಯಾರೆ ಮುಚ್ಚಬೇಕಾಗುತ್ತೆ. ಆ ಪಾಪ ನಂಗೆ ಬೇಡ ಮಗಳೇ."

ರಜ ಕೇಳಿದಳು. "ಲಾಡ್ಜು ತುಂಬಿರೋ ದಿನಾನೇ ಬೇಕಾ ನಿಂಗೆ?" ಎಂದರು ಯಜಮಾನರು. ನನಗೆ ಮೈಯೆಲ್ಲ ಉರಿಯಿತು. ಅವಳು ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದಳು.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಕೌಂಟರಿಗೆ ಬಂದು ಬೀಗದ ಕೈ ಗೊಂಚಲನ್ನು ಯಜಮಾನರ ಮುಂದೆ ಇಟ್ಟಳು.

"ಮೂವತ್ತೆರಡು ಬಾಗಿಲೂ ತಟ್ಟಿ ಬಂದೆ ಅಣ್ಣ. ಒಬ್ರೂ ಇಲ್ಲ, ಎಲ್ಲ ಬೆಟ್ಟಕ್ಕೆ ಹೋಗಿದಾರೆ. ನಾನೀಗ ಯಾರ ಚಾದರ ಬದಲಾಯಿಸ್ಲಿ?"

"ಸಂಜೆ ಬರ್ತಾರಲ್ಲ."

"ಸಂಜೆ ಅವರ ಜೊತೆಗೆ ನಾನೂ ಬರ್ತೀನಿ. ಬೇಡ ಅಂದ್ರೆ ನಾಳೆಯಿಂದ ಬೇರೆಯೋರನ್ನ ನೋಡ್ಕೊಳಿ."

ಎಂಟು ವರ್ಷ ನಾವೆಲ್ಲ ಲಾಡ್ಜು ತುಂಬಿದೆ, ತುಂಬಿದೆ ಎಂದು ಬಡಬಡಿಸಿದ್ದೆವು. ಹಬ್ಬದ ಹಗಲು ಒಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂಬುದು ನನ್ನಂಥ ಜಾಣನ ತಲೆಗೂ ಹೊಳೆದಿರಲಿಲ್ಲ. ಯಜಮಾನರು ಬೀಗದ ಕೈ ಗೊಂಚಲನ್ನು ಎತ್ತಿ ಮೊಳೆಗೆ ಸಿಕ್ಕಿಸಿದರು. ತಿನ್ನುವವರೇ ಇಲ್ಲದ ಮೇಲೆ ನನಗೇನು ಕೆಲಸ ಎಂದು ನಾನೂ ಒಲೆ ಆರಿಸಿ ಅವಳ ಹಿಂದೆಯೇ ಬೆಟ್ಟಕ್ಕೆ ಹೋಗುವ ವ್ಯಾನು ಹತ್ತಿದೆ.

ಹಬ್ಬದ ಬಯಲಿಗೆ ಬರುವಷ್ಟರಲ್ಲಿ ಡೋಲು ಶುರುವಾಗಿತ್ತು. ಇನ್ನೂರು ಜನ ನಿಂತಲ್ಲೇ ಒಟ್ಟಿಗೆ ಕಾಲೂರುತ್ತಿದ್ದರು. ಆ ಸದ್ದು ಕಿವಿಗಲ್ಲ, ಅಂಗಾಲಿನಿಂದ ನೇರ ಎದೆಗೆ ಬರುತ್ತದೆ. ಎರಡು ದಿನ ಪ್ರಯಾಣ ಮಾಡಿ ಜನ ಇಲ್ಲಿಗೆ ಯಾಕೆ ಬರುತ್ತಾರೆಂದು ನನಗೆ ಆಗ ತಿಳಿಯಿತು. ಆಚೆ ಚಿಕ್ಕಮ್ಮನ ಕೈ ಖಾಲಿ ಜಾಗದ ಮೇಲೆ ಅರ್ಧ ಚಾಚಿತ್ತು. ಚಾದರದಕ್ಕ ಜನರನ್ನು ಸರಿಸಿಕೊಂಡು ಓಡಿದಳು. ಇನ್ನು ನಾಲ್ಕು ಹೆಜ್ಜೆ ಎನ್ನುವಾಗ ಒಬ್ಬ ಪ್ರವಾಸಿ ಭಕ್ತಿಯಿಂದ ಅಡ್ಡ ನಿಂತ.

"ಅಲ್ಲಿಗೆ ಹೋಗ್ಬೇಡಿ ಅಮ್ಮ. ಅದು ದೇವರ ಬಾಗಿಲು."

ಸುಳ್ಳು ಹೇಳಿದ್ದು ಯಜಮಾನರು, ಅದು ಕಾಲಿಗೆ ತೊಡರಿದ್ದು ಇವಳಿಗೆ. ಚಾದರದಕ್ಕ ಅವನ ಮುಖ ನೋಡಿದಳು.

"ಹದಿನಾಲ್ಕನೇ ರೂಮಲ್ವಾ ನೀವು? ದಿನಾ ನಿಮ್ಮ ಹಾಸಿಗೆಯಿಂದ ಬಿಸ್ಕತ್ತಿನ ಪುಡಿ ಕೊಡವೋ ದೇವರು ನಾನೇ. ದಾರಿ ಬಿಡಿ."

ಅವನು ತಬ್ಬಿಬ್ಬಾಗಿ ಸರಿದ. ಅವಳು ಹೋಗಿ ನಿಂತಳು. ಸೋಪಿನ ನೀರಿಗೆ ಬಿರುಕು ಬಿಟ್ಟ ಆ ಕೈಯನ್ನು ಚಿಕ್ಕಮ್ಮ ಗಟ್ಟಿಯಾಗಿ ಹಿಡಿದು ಬಿಕ್ಕಿದಳು. ಇನ್ನೊಂದು ಕೈಯನ್ನು ಆಚೆ ಮನೆಯವರು ಹಿಡಿದರು. ಎಂಟು ವರ್ಷದ ಮೇಲೆ ಸುತ್ತು ಕೂಡಿತು, ಸುತ್ತು ಕೂಡಿದ್ದೇ ತಿರುಗತೊಡಗಿತು. ಚಾದರದಕ್ಕ ತಲೆಯೆತ್ತಿ ಕುಣಿದಳು, ಒಂದು ಹೆಜ್ಜೆಯೂ ಮರೆತಿರಲಿಲ್ಲ. ನಾನು ಮಗುವಿನಂತೆ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹದಿನಾಲ್ಕನೇ ರೂಮಿನವನೇ ಗುಡ್ಡ ಹತ್ತಿ ಹೊಸ ಫೋಟೋ ತೆಗೆದು ಕಳಿಸಿದ. ಯಜಮಾನರು ಹಳೆಯದನ್ನು ಇಳಿಸಿ ಅದನ್ನು ಹಾಕಿದರು. ಕೌಂಟರಿನ ಮೇಲೆ ಒಂದು ಬೋರ್ಡೂ ಬಂತು: ಹಬ್ಬದ ದಿನ ಚಾದರ ಬದಲಾಯಿಸುವುದಿಲ್ಲ.

ಮೊನ್ನೆ ಹಳೆಯ ಗಿರಾಕಿಯೊಬ್ಬರು ಬಂದವರು ಫೋಟೋವನ್ನು ಹತ್ತಿರದಿಂದ ನೋಡಿ, "ಅಲ್ಲ, ಆ ದೇವರ ಬಾಗಿಲು ಎಲ್ಲಿ?" ಎಂದರು.

ಯಜಮಾನರು ತಲೆ ಕೆರೆದುಕೊಂಡರು. ಆಮೇಲೆ ಬೆರಳನ್ನು ತಾರಸಿಯ ಕಡೆ ತೋರಿಸಿ, "ದೇವರು ಮೇಲೆ ಬಟ್ಟೆ ಒಣಗಿಸ್ತಾ ಇದಾರೆ ಸಾರ್. ಹೋಗಿ ಮಾತಾಡಿಸಿ" ಎಂದರು.