ಐದು ಸರದಿಯ ಮಳೆ

ಆಸಾಡಿ ತಿಂಗಳಲ್ಲಿ ಮಳೆ ಬರಲಿ ದೇವರೇ ಎಂದು ಬೇಡಿಕೊಂಡವಳು ನಮ್ಮ ಇಡೀ ವಂಡ್ಸೆ ಊರಲ್ಲಿ ನಾನೊಬ್ಬಳೇ ಇರಬೇಕು. ಹೊರಗೆ ಅಂಗಳವೇ ಕಾಣದಷ್ಟು ನೀರು ಸುರಿಯುತ್ತಿದ್ದರೆ, ಒಳಗೆ ನಾನು ಕಿಟಕಿಗೆ ಒರಗಿ ಮೊಬೈಲಿನೊಳಗೆ ಮಳೆ ತರಿಸಲು ಒದ್ದಾಡುತ್ತಿದ್ದೆ. ಅಮ್ಮ ಇಣುಕಿ ನೋಡಿ, "ಹೊರ್ಗ್ ಹೊಯ್ತಿದ್ದದ್ ಸಾಕಾಯ್ಲಿಲ್ಯಾ ನಿಂಗೆ?" ಎಂದು ಕೇಳಿದ್ದರಲ್ಲಿ ಅವಳ ತಪ್ಪೇನೂ ಇಲ್ಲ.

ನನ್ನ ಪಾಡನ್ನು ಹೇಳಿಬಿಡುತ್ತೇನೆ. ಕುಂದಾಪುರದ ಒಂದು ಸ್ಟುಡಿಯೋದಲ್ಲಿ ನಾನು ಮದುವೆ ಆಲ್ಬಂ ಜೋಡಿಸುವವಳು. ಊರವರ ಫೋಟೋಗಳಲ್ಲಿ ಮದುಮಕ್ಕಳ ಬೆವರು ಒರೆಸುತ್ತ, ಹಿಂದೆ ನಿಂತು ಆಕಳಿಸುವ ಚಿಕ್ಕಪ್ಪಂದಿರನ್ನು ಅಳಿಸುತ್ತ ಇದ್ದವಳು, ಕೊನೆಗೆ ಬ್ರಹ್ಮಾವರದ ಸುಧಾಕರ ಎಂಬವರ ಪಕ್ಕದಲ್ಲಿ ನಾನೇ ಬೆವರುತ್ತ ನಿಂತೆ. ತಿಂಗಳು ತುಂಬುವುದರೊಳಗೆ ಆಸಾಡಿ ಬಂತು. ಹೊಸ ಮದುಮಗಳು ಆಸಾಡಿಗೆ ತವರಿಗೆ ಬರಬೇಕು, ಅಳಿಯ ಆ ತಿಂಗಳು ಹೆಣ್ಣಿನ ಮನೆಯ ಹೊಸಿಲು ದಾಟಬಾರದು. ಇದು ನಮ್ಮಮ್ಮನ ಕಾನೂನು. ಆಸಾಡಿಯಲ್ಲಿ ಮದುವೆಗಳಿಲ್ಲ, ಹಾಗಾಗಿ ಸ್ಟುಡಿಯೋದಲ್ಲಿ ಕೆಲಸವೂ ಇಲ್ಲ. ಗಂಡನೂ ಇಲ್ಲ, ಕೆಲಸವೂ ಇಲ್ಲ, ಮಧ್ಯಾಹ್ನದ ಮೇಲೆ ಕರೆಂಟೂ ಇಲ್ಲ.

ನಮ್ಮ ಮನೆಯವರದು ಬ್ರಹ್ಮಾವರ ಪೇಟೆಯಲ್ಲಿ ಕೊಡೆ, ರೈನ್‌ಕೋಟುಗಳ ಅಂಗಡಿ. ಮಾತು ಬಹಳ ಕಮ್ಮಿ. ಕುಂದಾಪ್ರದವರು ಮಾತಿನ ಬಾಲ ಕತ್ತರಿಸಿ ಆಡುತ್ತಾರೆಂದು ಹೊರಗಿನವರು ನಗುತ್ತಾರೆ. ಈ ಮಹಾಶಯರು ತಲೆಯನ್ನೂ ಕತ್ತರಿಸಿಬಿಡುತ್ತಿದ್ದರು. ಫೋನು ಮಾಡಿದರೆ "ಉಂಡ್ಯಾ?" ಎನ್ನುವರು. "ಉಂಡೆ, ನೀವ್?" ಎಂದರೆ "ಹ್ಞೂಂ." ಆಮೇಲೆ ಎರಡೂ ಕಡೆಯ ಮಳೆಯ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ಇಡುವುದು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಈ ಮನುಷ್ಯನಿಗೆ ನಾನು ಬೇಕಾಗಿದ್ದೇನೋ, ಇಲ್ಲ ಮನೆಯವರು ಹೇಳಿದರೆಂದು ತಾಳಿ ಕಟ್ಟಿದ್ದೋ? ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ಹೀಗಿರುವಾಗ ಒಂದು ದಿನ ಅವರ ಮೆಸೇಜು ಬಂತು: "ಗೇಮ್ ಆಡ್ತ್ಯಾ?" ವಿಚಿತ್ರ ಪ್ರಾಣಿಗಳನ್ನು ಸಾಕಿ, ಆರಾರು ಪ್ರಾಣಿಗಳ ಪಡೆ ಕಟ್ಟಿ, ಒಂದು ಸರದಿ ನಾನು, ಒಂದು ಸರದಿ ನೀನು ಎಂದು ಕಾದಾಡಿಸುವ ಆಟ. ಅದರಲ್ಲಿ ಹವಾಮಾನದ್ದೂ ಒಂದು ಕೈ. ಕೆಲವು ಪ್ರಾಣಿಗಳು ಕಣಕ್ಕಿಳಿದರೆ ಸಾಕು, ಮಳೆಯೋ ಬಿಸಿಲೋ ಶುರು. ಮಳೆಯಾದರೆ ನೀರಿನ ಪ್ರಾಣಿಗಳಿಗೆ ಹಬ್ಬ, ಬಿಸಿಲಾದರೆ ಬೆಂಕಿಯವಕ್ಕೆ.

ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ಅಜ್ಜಯ್ಯ ಪಂಚಾಂಗ ಬಿಡಿಸಿ, ಈ ಸಲದ ಆರಿದ್ರಾ ಮಳೆ ಯಾವ ವಾಹನದ ಮೇಲೆ ಬರುತ್ತದೆ, ಪುಷ್ಯಕ್ಕೆ ಯಾವುದು ಎಂದು ಓದಿ ಹೇಳುತ್ತಿದ್ದರು. ಕಪ್ಪೆ, ಕೋಣ, ಆನೆ, ನರಿ, ಕತ್ತೆ. ಕಪ್ಪೆಯೆಂದರೆ ಭರ್ತಿ ಮಳೆ, ಕತ್ತೆಯೆಂದರೆ ಅಷ್ಟಕ್ಕಷ್ಟೇ. ಪ್ರಾಣಿಗಳಿಗೆ ಹವಾಮಾನ ಹಂಚುವ ಆಟವನ್ನು ನಮ್ಮ ಜೋಯಿಸರು ಯಾವತ್ತೋ ಆಡಿ ಮುಗಿಸಿದ್ದಾರೆ. ಹಾಗಾಗಿ ನಾನು ಕಣ್ಣುಮುಚ್ಚಿ ಮಳೆ ತರುವ ಕಪ್ಪೆಯೊಂದನ್ನು ಆರಿಸಿ ಗೋಂಕುರು ಎಂದು ಹೆಸರಿಟ್ಟೆ. ಉಳಿದ ಐದೂ ನೀರಿನವು. ಕೊಡೆ ಮಾರುವವರು ಆರಿಸಿದ್ದು ಬಿಸಿಲಿನ ಪಡೆಯನ್ನು! ಬಿಸಿಲು ತರುವ ಓತಿಕ್ಯಾತವೊಂದು, ಅದರ ಹಿಂದೆ ಬೆಂಕಿಯ ಐದು. ಎಂತಕ್ಕೆ ಎಂದು ಕೇಳಿದರೆ, "ಮಳಿ ಕಂಡ್ ಕಂಡ್ ಸಾಕಾಯ್ತ್" ಎಂದರು. ಮಳೆಯ ಅನ್ನ ಉಂಡು ಆಡುವ ಮಾತೇ ಇದು?

ಮೊದಲ ಆಟದಲ್ಲಿ ಗೋಂಕುರು ಇಳಿದು ಮಳೆ ಹಿಡಿಯಿತು. ನಾನು ನಿಶ್ಚಿಂತೆಯಿಂದ ಕೂತೆ. ಮೀನಿಗೆ ಬಲ ಬರಲಿ, ಏಡಿ ತಯಾರಾಗಲಿ, ಅವಸರ ಎಂತದ್ದು? ನೋಡನೋಡುತ್ತ ಮಳೆ ನಿಂತೇ ಹೋಯಿತು! ಐದು ಸರದಿಗೆ ಖತಂ. ಕೂಡಲೇ ಫೋನು ಹಚ್ಚಿ ಜಗಳ ತೆಗೆದೆ. "ಹ್ವಾಯ್, ಎಂತ ಮೋಸ ಇದ್? ಹಿಡ್ದ್ ಮಳಿ ಹಾಂಗೆಲ್ಲ ಬಿಡ್ತತ್ತಾ?" ಆ ಕಡೆಯಿಂದ ನಗು ಕೇಳಿಸಿತು. ಅವರು ಶಬ್ದ ಮಾಡಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಮ್ಮೆ ಹಿಡಿದ ಮಳೆ ಚೌತಿಯವರೆಗಾದರೂ ಇದ್ದೀತು ಎಂಬ ನಂಬಿಕೆಯಲ್ಲಿ ಪಡೆ ಕಟ್ಟಿದವಳಿಗೆ ಸೋಲದೆ ಇನ್ನೇನು? ಆಟ ಮಾಡಿದವರು ನಮ್ಮ ಕಡೆ ಬಂದವರಲ್ಲ, ಅಷ್ಟೇ.

ಎರಡನೆಯ ಪಾಠ ಇನ್ನೂ ಕಹಿ. ಇಬ್ಬರ ಪ್ರಾಣಿಗಳೂ ಒಟ್ಟಿಗೆ ಇಳಿದರೆ, ಚುರುಕಾದದ್ದರ ಹವಾಮಾನ ಮೊದಲು ಬರುತ್ತದೆ, ಜಡವಾದದ್ದರದು ಆಮೇಲೆ. ಆಮೇಲೆ ಬಂದದ್ದೇ ಉಳಿಯುತ್ತದೆ. ನನ್ನ ಗೋಂಕುರು ನನ್ನ ಹಾಗೇ ದುಡುಕಿನದು, ಹಾರಿ ಬಂದು ಮಳೆ ಸುರಿಸುತ್ತಿತ್ತು. ಅವರ ಓತಿ ಅವರ ಹಾಗೇ, ನಿಧಾನಕ್ಕೆ ಕಣ್ಣು ತಿರುಗಿಸಿ ಬಿಸಿಲು ಹಚ್ಚಿಬಿಡುತ್ತಿತ್ತು. ಪ್ರತಿ ಸಲವೂ ಇದೇ ಕತೆ. ಕೊನೆಗೆ ನಾನೂ ಓತಿಗಿಂತ ಜಡವಾದ ಇನ್ನೊಂದು ಕಪ್ಪೆಯನ್ನು ಹುಡುಕಿ ಸಾಕಿ, ಅದಕ್ಕೂ ಗೋಂಕುರು ಎಂದೇ ಹೆಸರಿಟ್ಟೆ. ನಿಧಾನವನ್ನು ಕಲಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಅದು ತಯಾರಾದ ದಿನ ಧೈರ್ಯ ಮಾಡಿ ಪಂಥ ಕಟ್ಟಿದೆ. "ನಾನ್ ಗೆದ್ರೆ ನೀವ್ ವಂಡ್ಸೆಗ್ ಬರ್ಕ್."

"ಆಸಾಡಿ ಅಲ್ದಾ?"

"ಗೆದ್ರೆ ಮಾತ್ರ."

"ಅಕ್ಕ್" ಎಂದು ಒಪ್ಪಿದರು. ಅದರಲ್ಲಿ ಸಂತೋಷ ಇತ್ತೋ ಸಂಕಟ ಇತ್ತೋ, ಎಷ್ಟು ಕಿವಿಗೊಟ್ಟರೂ ಗೊತ್ತಾಗಲಿಲ್ಲ. ಸೋತರೆ ನನ್ನ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲವಲ್ಲ ಎಂದು ಒಂದೊಂದು ಸರದಿಯನ್ನೂ ಎರಡೆರಡು ಸಲ ಯೋಚಿಸಿ ಆಡಿದೆ. ನನ್ನ ಗೋಂಕುರು ಇಳಿಯಿತು, ಮಳೆ ಹಿಡಿಯಿತು. ಓತಿ ಬರಲಿಲ್ಲ. ಬೆಂಕಿಯ ಪ್ರಾಣಿಗಳು ಒಂದರ ಹಿಂದೆ ಒಂದು ಬಂದು, ನೆನೆದ ಬೆಂಕಿಕಡ್ಡಿಯ ಹಾಗೆ ಚುಯ್ ಎಂದು ಆರಿಹೋದವು. ಐದು ಸರದಿ ಮುಗಿಯುವುದರೊಳಗೆ ನಾನು ಗೆದ್ದಾಗಿತ್ತು. ಮೈಯೆಲ್ಲ ಉರಿಯಿತು.

"ಹ್ವಾಯ್, ಓತಿ ಎಲ್ಲಿ?"

"ಕರ್ಕಂಡ್ ಬರ್ಲಿಲ್ಲ."

"ಬೇಕಂತ್ಲೇ ಸೋತದ್ದಾ ನೀವ್?"

"ನೀ ಗೆದ್ರೆ ನಾನ್ ಬಪ್ದ್ ಅಂದ್ಯಲ್ಲೆ. ಮತ್ತೆ ನಾನ್ ಎಂತಕ್ಕೆ ಗೆಲ್ಲೂದ್ ಮಾರಾಯ್ತಿ?"

ಮದುವೆಯಾದ ಮೇಲೆ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ನನಗೆ ಅಳು ಬಂತು, ನಗುವೂ ಬಂತು.

ಅಮ್ಮನಿಗೆ ವಿಷಯ ಹೇಳಿದೆ. ಅವಳು ಕಾನೂನು ಸಡಿಲಿಸಲಿಲ್ಲ. "ಬರ್ಲಿ. ಹೊಸ್ಲ್ ದಾಟುಕಾಗ. ಜಗ್ಲಿ ಮೇಲ್ ಕೂಕಣ್ಲಿ" ಎಂದಳು.

ಕೊಡೆಯ ವ್ಯಾಪಾರ ಭರ್ತಿ ಇದ್ದ ದಿನವೇ ಅಂಗಡಿ ಮುಚ್ಚಿ, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ ಬಂದರು. ತಲೆಯಿಂದ ಕಾಲಿನವರೆಗೆ ಒದ್ದೆ. "ಕೊಡಿ ಎಲ್ಲಿ?" ಎಂದೆ. "ಮರ್ತ್ ಹೋಯ್ತ್" ಎಂದರು. ಕೊಡೆ ಅಂಗಡಿಯವರು, ಆಸಾಡಿಯಲ್ಲಿ, ಕೊಡೆ ಮರೆತು! ಅಮ್ಮ ಜಗಲಿಗೇ ತಲೆ ಒರೆಸಲು ಬೈರಾಸು, ಕಡುಬು, ಚಾ ಸಾಗಿಸಿದಳು. ಗಾಳಿ ತಿರುಗಿ ಮಳೆಯ ಎರಚಲು ಶುರುವಾಯಿತು. ಕುರ್ಚಿ ಗೋಡೆಗೆ ಸರಿಯಿತು. ಎರಚಲೂ ಹಿಂದೆಯೇ ಬಂತು. ಅಮ್ಮ ಬಾಗಿಲಲ್ಲಿ ನಿಂತು ಒಮ್ಮೆ ಆಕಾಶ, ಒಮ್ಮೆ ಅಳಿಯನ ಮುಖ ನೋಡಿದಳು. ಅಷ್ಟರಲ್ಲಿ ಅಳಿಯ ಸೀನಿದರು.

"ಹ್ವಾಯ್, ಒಳ್ಗ್ ಬನ್ನಿ ಕಾಂಬ! ಜ್ವರ ಬಂದ್ರೆ ನಿಮ್ಮ ಅಮ್ಮಂಗೆ ಎಂತ ಹೇಳೂದ್ ನಾನ್?"

ಅವರು ಏನೂ ಅವಸರವಿಲ್ಲದೆ ಎದ್ದು, ನಿಧಾನಕ್ಕೆ ಬಲಗಾಲಿಟ್ಟು ಹೊಸಿಲು ದಾಟಿದರು. ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ನಿಮ್ಮೂರ್ ಮಳಿ ಐದ್ ಸರದಿಗ್ ಬಿಡೂದಿಲ್ಲ ಅಂತ ನಂಗ್ ಗೊತ್ತಿತ್ತ್" ಎಂದರು.

ಒದ್ದೆ ಅಂಗಿ ಒಣಗುವವರೆಗೆ ಹೊರಡುವ ಹಾಗಿರಲಿಲ್ಲ. ಅದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದು ನಾನೇ. ಮರುದಿನ ನೋಡಿದರೆ ಯಾರೋ ಅದನ್ನು ತೆಗೆದು ಒಲೆಯ ಕಾವು ತಾಗದ ತಂಡಿ ಮೂಲೆಗೆ ಹರವಿದ್ದರು. ನಾನಲ್ಲ. ಅಮ್ಮ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಕಾಯಿ ತುರಿಯುತ್ತಿದ್ದಳು.